ತವರಿಂದ ಬಂದ ಪಿಯಾನೊ

ಒಂದಾನೊಂದು ಕಾಲದಲ್ಲಿ, ಅಂದರೆ ನಾನೂ ಹುಟ್ಟಿರಲಿಲ್ಲ, ನಮ್ಮಜ್ಜಿಯೂ ಹುಟ್ಟಿರಲಿಲ್ಲ, ನೀನು ಹೊದ್ದಿರೋ ಈ ಕೌದಿ ಇನ್ನೂ ಹೊಲದಲ್ಲಿ ಹತ್ತಿಯಾಗಿತ್ತು ಅಂದುಕೋ, ಆಗ ಒಂದೂರಲ್ಲಿ ಮೂವರು ಅಣ್ಣಂದಿರು, ಅವರಿಗೊಬ್ಬಳೇ ತಂಗಿ ಹೊನ್ನಾಜಿ ಅಂತ ಇದ್ದರಂತೆ. ಅವರ ಮನೆಯಲ್ಲೊಂದು ಪಿಯಾನೊ ಇತ್ತಂತೆ. ಪಿಯಾನೊ ಅಂದರೆ ಏನು ಗೊತ್ತಾ ಮಗಾ? ಭಜನೆ ಮನೆಯ ಹಾರ್ಮೋನಿಯಂ ನೋಡಿದ್ದೀಯಲ್ಲ, ಅದರ ಅಣ್ಣ. ನಮ್ಮ ಕಣಜದಷ್ಟು ದೊಡ್ಡದು. ಬಿಳೀದು ಕರೀದು ಪಟ್ಟಿ ಸಾಲಾಗಿರ್ತವೆ, ಅವಕ್ಕೆ ಮನೆ ಅಂತಾರೆ, ಯಾರೂ ವಾಸ ಮಾಡಲ್ಲ, ಸುಮ್ಮನೆ ಹಾಗಂತಾರೆ. ಬೆರಳಿಟ್ಟರೆ ಒಳಗೆ ಪುಟ್ಟ ಸುತ್ತಿಗೆ ಹೋಗಿ ತಂತಿಗೆ ಬಡಿದು ನಾದ ಬರುತ್ತೆ.

ಅದು ಹೊನ್ನಾಜಿಯ ಅಮ್ಮ ತವರಿಂದ ತಂದದ್ದು. ಅಮ್ಮನ ತವರು ಕಡಲ ದಂಡೆ. ಅಮ್ಮ ತೊಟ್ಟಿಲ ಕೂಸಾಗಿದ್ದಾಗ ಹಡಗಿನವನೊಬ್ಬ ಕಾಯಿಲೆ ಬಿದ್ದು, ಅವಳಪ್ಪ ಗಂಜಿ ಕೊಟ್ಟು ಬದುಕಿಸಿದ್ದಕ್ಕೆ ಋಣ ಅಂತ ಈ ಪಿಯಾನೊ ಬಿಟ್ಟುಹೋಗಿದ್ದನಂತೆ. ಕೂಸೂ ಪಿಯಾನೊವೂ ಒಂದೇ ಸೂರಿನಡಿ ಬೆಳೆದವು. ಆಮೇಲೆ ಅಮ್ಮನ ಮದುವೆಯಾದಾಗ ಇದೂ ಬಳುವಳಿಯಾಗಿ ಗಾಡಿ ಹತ್ತಿ ಬಂತು. ಅದರಲ್ಲಿ ಒಂದೇ ಒಂದು ಮನೆ ಮೂಗ. ಒತ್ತಿದರೆ ನಾದ ಇಲ್ಲ, ಟಕ್ ಅಂತಿತ್ತು ಅಷ್ಟೇ. ರಿಪೇರಿ ಮಾಡಿಸೋಣ ಕಣಮ್ಮಾ ಅಂತ ಹೊನ್ನಾಜಿ ಅಂದರೆ ಅಮ್ಮ ನಕ್ಕು, ಅದರ ಹೊಟ್ಟೆ ತುಂಬಿದೆ, ಅದಕ್ಕೇ ಸುಮ್ಮನಿದೆ, ಕೈ ಹಾಕಬೇಡ ಅಂತಿದ್ದಳಂತೆ. ಅಮ್ಮ ನುಡಿಸೋ ಜೋಗುಳದಲ್ಲಿ ಮೂರು ಸಲ ಆ ಟಕ್ ಬರುತ್ತಿತ್ತು. ಹೊನ್ನಾಜಿಗೆ ಮೂರನೇ ಟಕ್ಕಿಗೆ ನಿದ್ದೆ.

ಆಮೇಲೆ ಅಪ್ಪ ಹೋದ, ಅಮ್ಮನೂ ಹೋದಳು. ಅಣ್ಣಂದಿರು ಪಾಲಿಗೆ ಕೂತರಂತೆ. ದೊಡ್ಡವನು ಹೊಲ ನಂದು ಅಂದ, ನಡುವಿನವನು ದನ ನಂದು ಅಂದ, ಕಿರಿಯವನು ಮನೆ ನಂದು ಅಂದ. ನನಗಣ್ಣಾ ಅಂದಳಂತೆ ಹೊನ್ನಾಜಿ. ದೊಡ್ಡವನು ಮೂಲೆ ಕಡೆ ಗದ್ದ ತಿರುಗಿಸಿ, ಅಗೋ ಆ ಹಾಳು ಪೆಟ್ಟಿಗೆ, ನಾದಕ್ಕಾಗದಿದ್ದರೂ ಒಲೆಗಾದರೂ ಆಗುತ್ತೆ, ಎತ್ಕೊಂಡು ಹೋಗು ಅಂದನಂತೆ. ಒಡಹುಟ್ಟಿದವಳಿಗೆ ಆಡೋ ಮಾತಾ ಅದು! ಅವಳು ಒಂದು ಹನಿ ಕಣ್ಣೀರು ಹಾಕಲಿಲ್ಲ, ಪಾಳುಬಿದ್ದ ಗಾಣದ ಮನೆಗೆ ಪಿಯಾನೊ ಸಾಗಿಸಿಕೊಂಡು, ಹಗಲೆಲ್ಲ ನೂಲು ತೆಗೆದು, ಸಂಜೆ ಅಮ್ಮನ ಜೋಗುಳ ನುಡಿಸಿಕೊಂಡು ಇದ್ದಳಂತೆ.

ಹಿಂಗಿರೋವಾಗ ಊರಲ್ಲಿ ಡಂಗುರ ಹೊಡೆದರು. ರಾಣಿಯಮ್ಮನಿಗೆ ಪಿಯಾನೊ ಬೇಕಂತೆ, ಎಷ್ಟು ಹಳೇದೋ ಅಷ್ಟು ದೊಡ್ಡ ಉಂಬಳಿಯಂತೆ. ಉಂಬಳಿ ಅಂದರೆ ಕಂದಾಯ ಕಟ್ಟದೆ ಉಣ್ಣೋ ಜಮೀನು. ಡಂಗುರದ ಸದ್ದು ಅಡಗೋಕೆ ಮುಂಚೆ ಮೂವರೂ ಗಾಣದ ಮನೆ ಬಾಗಿಲಲ್ಲಿ.

ತಂಗ್ಯಮ್ಮಾ ಊಟ ಆಯ್ತಾ, ಅಂದ ಕಿರಿಯವನು. ಸೊರಗಿದ್ದೀಯಲ್ಲೇ, ಅಂದ ನಡುವಿನವನು. ಆ ಪಿಯಾನೊ ಅಪ್ಪನ ಕಡೆ ತಾತ ಕೊಂಡದ್ದು, ಪಾಲಲ್ಲಿ ತಪ್ಪಾಗಿದೆ, ವಾಪಸ್ ಕೊಡು ಅಂದ ದೊಡ್ಡವನು.

ಹೊನ್ನಾಜಿಗೆ ಮೈಯೆಲ್ಲ ಬೆಂಕಿ. ಒಲೆಗೆ ಹಾಕು ಅಂದ ಬಾಯಿ ಇದೇ ಅಲ್ವೇನಣ್ಣಾ? ತಾತ ಅಂತೆ ತಾತ! ಎತ್ತಿನ ಕೊರಳ ಗಂಟೆ ಬಿಟ್ಟರೆ ಬೇರೆ ನಾದ ಕೇಳಿದವನಾ ನಮ್ಮ ತಾತ? ಇದು ಅಮ್ಮಂದು ಅಂತ ನಿಮ್ಮ ಮೂವರಿಗೂ ಗೊತ್ತು, ಗೊತ್ತಿದ್ದೂ ಅಮ್ಮನ ಹೆಸರು ಅಳಿಸೋಕೆ ಬಂದಿದ್ದೀರಲ್ಲ, ನಾಲಿಗೆ ಸೇದಿ ಹೋಗಲ್ವಾ? ಇದನ್ನ ನಾನು ಮಾರೋದಿಲ್ಲ, ಕೊಡೋದೂ ಇಲ್ಲ ಅಂದಳಂತೆ. ಅವರು ಕೇಳಿಯಾರಾ? ಊರ ಹಿರಿಯರಿಗೆ ಹೋಳಿಗೆ ತಿನ್ನಿಸಿ ಬಾಯಿ ಕಟ್ಟಿ, ಪಿಯಾನೊ ಗಾಡಿಗೇರಿಸಿ ಅರಮನೆಗೆ ಹೊಡೆದೇಬಿಟ್ಟರು. ಹೊನ್ನಾಜಿ ಗಾಡಿ ಹಿಂದೆಯೇ ನಡೆದಳಂತೆ.

ರಾಣಿ ಎರಡೂ ಕಡೆ ಕೇಳಿ ಹೇಳಿದಳಂತೆ, ನೋಡ್ರಪ್ಪಾ, ನಮ್ಮ ಸೀಮೆ ಕಟ್ಟಳೆ ನಿಮಗೆ ಗೊತ್ತು. ತಾತನ ಕಾಲದ್ದಾದರೆ ಗಂಡುಮಕ್ಕಳಿಗೆ, ತಾಯಿ ಜೊತೆ ಬಂದ ಬಳುವಳಿಯಾದರೆ ಹೆಣ್ಣುಮಗಳಿಗೆ. ಇದರ ವಯಸ್ಸು ಗೊತ್ತಾದರೆ ಒಡೆಯರೂ ಗೊತ್ತಾಗ್ತಾರೆ. ಬಲ್ಲವರನ್ನ ಕರೆಸಿ.

ಬಲ್ಲವರನ್ನ ಕರೆತಂದವರು ಯಾರು? ಅಣ್ಣಂದಿರೇ! ಒಬ್ಬೊಬ್ಬನು ಒಬ್ಬೊಬ್ಬನನ್ನ.

ಮೊದಲು ದೊಡ್ಡವನು ಬಡಗಿ ಯಜಮಾನನನ್ನ ತಂದ. ಅವನು ಮರ ತಟ್ಟಿದ, ಮೂಸಿದ, ಉಗುರಲ್ಲಿ ಗೀರಿದ. ಈ ಮರ ಬಲು ಹಳೇದು, ತಾತನ ಕಾಲದ್ದೇ ಅಂದ. ಮರ ಹಳೇದಾದರೆ ಮನೆಗೆ ಬಂದದ್ದು ಆಗಲೇನಾ, ಹಳೇ ಕಲ್ಲಲ್ಲಿ ಹೊಸ ಮನೆ ಕಟ್ಟಲ್ವಾ ಅಂತ ಹೊನ್ನಾಜಿ ಕೇಳಿದರೆ, ಹೆಂಗಸರು ಮಧ್ಯೆ ಬಾಯಿ ಹಾಕಬಾರದು ಅಂದನಂತೆ. ಆಮೇಲೆ ನಡುವಿನವನು ದಂತದ ವ್ಯಾಪಾರಿಯನ್ನ ತಂದ. ಬಿಳೀ ಮನೆಗಳ ಮೇಲೆ ದಂತದ ಹೊದಿಕೆ ಇತ್ತು, ಆನೆ ದಂತ. ಹಳದಿ ತಿರುಗಿದೆ ನೋಡಿ, ಇದು ಮುತ್ತಾತನ ಕಾಲದ್ದು ಅಂದ. ಗಾಣದ ಮನೆಯ ಹಳೇ ಎಣ್ಣೆ ಜಿಡ್ಡು ಸೋಕಿ ಹಳದಿಯಾಗಿರೋದು ಸ್ವಾಮಿ ಅಂದಳು ಹೊನ್ನಾಜಿ. ಅವನು ಅವಳ ಕಡೆ ತಿರುಗಲೂ ಇಲ್ಲ. ದಿನಾ ಅದರ ಧೂಳು ಒರೆಸಿದವಳು ಅಲ್ಲೇ ನಿಂತಿದ್ದಾಳೆ, ಅವಳನ್ನ ಒಂದು ಮಾತು ಕೇಳಬಾರದಾ? ಕೇಳಲಿಲ್ಲವಂತೆ ಕಣೋ, ಒಬ್ಬನೂ ಕೇಳಲಿಲ್ಲ.

ಆಮೇಲೆ ಕಿರಿಯವನು ಸಂಗೀತದ ವಿದ್ವಾಂಸನನ್ನ ತಂದ. ಅವನು ಶಾಲು ಸರಿಮಾಡಿಕೊಂಡು ಒಂದೊಂದೇ ಮನೆ ಒತ್ತುತ್ತಾ ಬಂದ. ಇಂಥ ನಾದ ಈಗಿನದಲ್ಲ, ತಾತನ ತಾತನ ಕಾಲದ್ದು, ಬೆಲೆ ಕಟ್ಟೋಕಾಗಲ್ಲ ಅಂತಿರೋವಾಗಲೇ ಬಂತು ನೋಡು, ಟಕ್. ವಿದ್ವಾಂಸ ಮುಖ ಹುಳ್ಳಗೆ ಮಾಡಿದ. ಅಯ್ಯೋ, ಒಂದು ಮನೆ ಮೂಗ, ಬೆಲೆ ಅರ್ಧಕ್ಕೆ ಇಳೀತು ಅಂದ.

ಅರ್ಧ ಅಂದ ಕೂಡಲೇ ದೊಡ್ಡವನ ಎದೆ ಒಡೀತು. ಏನೋ ಕಸ ಸಿಕ್ಕಿರುತ್ತೆ ತಾಯಿ, ಈಗಲೇ ತೆಗೀತೀನಿ ಅಂತ ತೋಳು ಮಡಚಿದ. ಬೇಡಣ್ಣಾ, ಅಮ್ಮ ಕೈ ಹಾಕಬೇಡ ಅಂದಿದ್ದಾಳೆ ಅಂತ ಹೊನ್ನಾಜಿ ಅಡ್ಡ ಬಂದರೆ, ಸರಿಯೇ ಅತ್ಲಾಗೆ ಅಂತ ಮೊಣಕೈಯಲ್ಲಿ ನೂಕಿ, ಪಟ್ಟಿ ಎತ್ತಿ, ಅದರಡಿಗೆ ಕೈ ತೂರಿಸಿ, ಕಸ ಅಂದುಕೊಂಡದ್ದನ್ನ ಎಳೆದು, ತುಂಬಿದ ಸಭೆಗೆ ಕಾಣೋ ಹಾಗೆ ಎತ್ತಿ ಹಿಡಿದನಂತೆ.

ಏನಿತ್ತು ಗೊತ್ತಾ? ಹಸಿರು ರವಿಕೆ ಕಣದ ಪುಟ್ಟ ಗಂಟು. ಗಂಟು ಜಾರಿ ಅಕ್ಕಿ ಜರಜರ ಅಂತ ಸುರೀತು. ಅದರ ಹಿಂದೆ ಒಂದು ಅರಿಶಿನದ ಕೊಂಬು, ಒಂದಡಿಕೆ, ಎರಡು ಪುಟಾಣಿ ಹಸಿರು ಬಳೆ.

ಸಭೆಯಲ್ಲಿದ್ದ ಹೆಂಗಸರೆಲ್ಲ ಒಟ್ಟಿಗೆ ಅಯ್ಯೋ ಶಿವನೇ ಅಂದರಂತೆ. ಅದು ಮಡಿಲಕ್ಕಿ! ತವರಿಂದ ಹೊರಡೋ ಹೆಣ್ಣುಮಗಳ ಸೆರಗಿಗೆ ತುಂಬಿ ಕಳಿಸ್ತಾರಲ್ಲ, ನಿಮ್ಮತ್ತೆಗೆ ಮೊನ್ನೆ ನಾನು ತುಂಬಿದೆನಲ್ಲ, ಅದೇ. ಮಗಳ ಜೊತೆ ಬೆಳೆದ ಪಿಯಾನೊ ಮಗಳ ಜೊತೆಗೇ ಹೊರಟಿದೆ, ಇದೂ ಈ ಮನೆ ಹೆಣ್ಣೇ, ಬರೀ ಮಡಿಲಲ್ಲಿ ಕಳಿಸಬಾರದು ಅಂತ ಅಮ್ಮನ ಅಮ್ಮ ಅದರ ಹೊಟ್ಟೆಗೂ ಮಡಿಲಕ್ಕಿ ಕಟ್ಟಿ ಕಳಿಸಿದ್ದಳಂತೆ. ಅದರ ಹೊಟ್ಟೆ ತುಂಬಿದೆ ಅಂತ ಅಮ್ಮ ಅಂತಿದ್ದದ್ದು ಅದಕ್ಕೇ.

ದೊಡ್ಡವನ ಕೈ ಎತ್ತಿದ್ದು ಎತ್ತಿದ ಹಾಗೇ ಉಳೀತು. ರಾಣಿ ಎದ್ದು ಬಂದು, ಒಂದು ಅಕ್ಕಿಕಾಳು ಎತ್ತಿಕೊಂಡು ಮೆಲ್ಲಗೆ ಕೇಳಿದಳಂತೆ, ಏನಪ್ಪಾ, ನಿಮ್ಮ ತಾತ ಯಾವ ತವರಿಂದ ಬಂದಿದ್ದ? ಅವನಿಗೆ ಮಡಿಲು ತುಂಬಿ, ಬಳೆ ತೊಡಿಸಿ ಕಳಿಸಿದ್ದರಾ?

ಸಭೆ ಘೊಳ್ಳಂತ ನಕ್ಕಿತಂತೆ. ಬಡಗಿ, ವ್ಯಾಪಾರಿ, ವಿದ್ವಾಂಸ ಮೂವರೂ ಹಿಂಬಾಗಿಲು ಹುಡುಕಿದರು. ರಾಣಿ ನಗಲಿಲ್ಲ. ಇದು ಹುಟ್ಟಿದ್ದು ಯಾವಾಗ ಅಂತ ಹಡಗಿನವನಿಗೇ ಗೊತ್ತು, ನಿಮ್ಮ ಮನೆಗೆ ಬಂದದ್ದು ಮಾತ್ರ ನಿಮ್ಮ ತಾಯಿಯ ಮದುವೆ ದಿನ. ಅವಳ ಹಾಲು ಕುಡಿದು ಅವಳ ತವರನ್ನೇ ಸುಳ್ಳು ಮಾಡಿದಿರಲ್ಲ! ಗಾಡಿಯ ಎತ್ತು ಇಲ್ಲೇ ಇರಲಿ, ಇದನ್ನ ಗಾಣದ ಮನೆಗೆ ಮೂವರೂ ಹೆಗಲು ಕೊಟ್ಟು ಎಳಕೊಂಡು ಹೋಗಿ ಅಂದಳು. ಆಮೇಲೆ ಹೊನ್ನಾಜಿ ಕಡೆ ತಿರುಗಿ, ನೀನು ಹೇಳಮ್ಮಾ, ಇದರ ಬೆಲೆ ಎಷ್ಟು ಅಂದಳಂತೆ.

ಮೊದಲನೇ ಸಲ ಒಬ್ಬರು ಅವಳನ್ನ ಕೇಳಿದ್ದು!

ಹೊನ್ನಾಜಿ ನೆಲದ ಅಕ್ಕಿಯನ್ನೆಲ್ಲ ಒಂದು ಕಾಳೂ ಬಿಡದೆ ಬಳಿದು ಸೆರಗಿಗೆ ಹಾಕಿಕೊಂಡಳು. ಮಡಿಲು ತುಂಬಿದ್ದನ್ನ ಮಾರ್ತಾರಾ ತಾಯೀ ಅಂದಳಂತೆ, ಅಷ್ಟೇ. ರಾಣಿ ಮತ್ತೆ ಬೆಲೆ ಕೇಳಲಿಲ್ಲ. ತಾನೇ ಮಗಳನ್ನ ಕರಕೊಂಡು ಗಾಣದ ಮನೆಗೆ ಬಂದು, ನಮ್ಮ ಕೂಸಿಗೆ ಕಲಿಸಮ್ಮಾ ಅಂದಳಂತೆ. ಉಂಬಳಿಯೂ ಬಂತು, ಗಾಣದ ಮನೆಗೆ ಹೊಸ ಸೂರೂ ಬಂತು. ಅಣ್ಣಂದಿರ ಹೆಗಲ ಬಾವು ಇಳಿಯೋಕೆ ಮಾತ್ರ ಬಲು ದಿನ ಹಿಡೀತಂತೆ, ಹಿಡೀಲಿ ಬಿಡು.

ಅರಮನೆಯಿಂದ ಮನೆಗೆ ಬಂದ ದಿನವೇ ಸಂಜೆ ಹೊನ್ನಾಜಿ ಜೋಗುಳ ನುಡಿಸಿದಳು. ಮೂಗ ಮನೆ ಈಗ ಬಾಯಿ ಬಿಟ್ಟು ಚೆನ್ನಾಗೇ ಹಾಡಿತು. ಆದರೆ ಅವಳಿಗೆ ಸಮಾಧಾನವಾಗಲಿಲ್ಲವಂತೆ, ಅದು ಯಾರದೋ ಹಾಡಿನ ಹಾಗಿತ್ತಂತೆ. ಆಮೇಲೆ ಎದ್ದು, ಅಕ್ಕಿ, ಕೊಂಬು, ಅಡಿಕೆ, ಬಳೆ ಎಲ್ಲ ಅದೇ ಹಸಿರು ಕಣದಲ್ಲಿ ಕಟ್ಟಿ, ಇದ್ದ ಜಾಗದಲ್ಲೇ ಇಟ್ಟು, ಇನ್ನೊಂದು ಸಲ ನುಡಿಸಿದಳಂತೆ. ಟಕ್. ಇನ್ನೊಂದು ಟಕ್. ಮೂರನೇ ಟಕ್ಕಿಗೆ ಹೊನ್ನಾಜಿ ಅಲ್ಲೇ ಒರಗಿ ನಿದ್ದೆ ಹೋದಳು, ನಿನ್ನ ಕಣ್ಣೂ ಮುಚ್ಚಿತು, ಅಲ್ಲಿಗೆ ಪಿಯಾನೊ ಕತೆಯೂ ಮುಗೀತು.