ಹಸಿ ಬಳ್ಳಿಯ ಕಟ್ಟು

ಮಕ್ಕಳೇ, ಕಾಡಿನ ಕೆರೆ ದಂಡೆಯಲ್ಲೊಂದು ಆಲದ ಮರ. ಅದರ ಬುಡದಲ್ಲಿ ಮುದಿ ಕೋತಿಯೊಬ್ಬ ಗಾಯಗೊಂಡ ಪ್ರಾಣಿಗಳಿಗೆ ಔಷಧ ಮಾಡುತ್ತಿದ್ದ. ಎಲ್ಲರೂ ಅವನನ್ನು ವೈದ್ಯಜ್ಜ ಅನ್ನುತ್ತಿದ್ದರು. ಅವನ ಬಳಿ ವೈದ್ಯ ಕಲಿಯಲು ಚೂಪ ಎಂಬ ಮುಳ್ಳುಹಂದಿ ಸೇರಿದ್ದ.

ಚೂಪ ಜಾಣ, ನಾನು ಸುಳ್ಳು ಹೇಳಬಾರದು. ಸೊಪ್ಪು ಗುರುತಿಸುವುದರಲ್ಲಿ ಎತ್ತಿದ ಕೈ. ಆದರೆ ಯಾರಾದರೂ "ಇಲ್ಲಿ ತಪ್ಪಿದೆ" ಅಂದರೆ ಸಾಕು, ಬೆನ್ನಿನ ಮುಳ್ಳೆಲ್ಲ ನೆಟ್ಟಗಾಗುತ್ತಿದ್ದವು. ಒಮ್ಮೆ ಅಜ್ಜನ ಅಂಗೈಗೇ ಚುಚ್ಚಿದವು. ಅಂದಿನಿಂದ ಅಜ್ಜ ಕೊಂಬೆಯ ಮೇಲೆ ಕೂತು, "ಚೆನ್ನಾಗಿದೆ ಮಗಾ" ಅನ್ನತೊಡಗಿದ. ಉಳಿದವರೂ ದೂರದಿಂದಲೇ ತಲೆಯಾಡಿಸಿ ಹೋಗುತ್ತಿದ್ದರು. ಹತ್ತಿರ ಕೂತು ಮಾತಾಡುತ್ತಿದ್ದವಳು ಪಕ್ಕದ ಪೊದೆಯ ಮೊಲ, ಸಂಪಿ ಮಾತ್ರ.

ಒಂದು ಬೆಳಿಗ್ಗೆ ಸಂಪಿ ಕಾಲು ಮುರಿದುಕೊಂಡಳು. ಚೂಪ ಬಿದಿರಿನ ಸೀಳು ಇಟ್ಟು, ಕೆರೆಯಲ್ಲಿ ನೆನೆದ ಬಳ್ಳಿಯಿಂದ ಬಿಗಿಯಾಗಿ ಕಟ್ಟಿದ.

"ಮಗಾ, ಬಳ್ಳಿ ಒದ್ದೆ ಇದೆ. ಒಣಗಿದರೆ..." ಅಂತ ಅಜ್ಜ ಶುರುಮಾಡಿದ.

ಮುಳ್ಳು ಎದ್ದವು. "ಯಾಕೆ, ನನಗೆ ಕಟ್ಟೋಕೆ ಬರಲ್ವಾ?" ಅಂದ ಚೂಪ.

"ಏನಿಲ್ಲ ಬಿಡಪ್ಪ," ಅಂದು ಅಜ್ಜ ಮೇಲಿನ ಕೊಂಬೆಗೆ ಹೋದ. ಅಜ್ಜನದೂ ತಪ್ಪೇ, ನಾನೇನು ಅವನ ಪರ ಮಾತಾಡುವುದಿಲ್ಲ.

ಬಿಸಿಲೇರಿತು. ಬಳ್ಳಿ ಒಣಗಿ ಇನ್ನಷ್ಟು ಬಿಗಿಯಿತು. ಸಂಪಿಯ ಪಾದ ಊದಿ ತಣ್ಣಗಾಯಿತು. ಅವಳು ಕುಂಟುತ್ತ ಬಂದಳು.

"ಚೂಪಣ್ಣ, ಈ ಕಟ್ಟು..." ಅನ್ನುವಷ್ಟರಲ್ಲಿ ಮತ್ತೆ ಮುಳ್ಳು ಎದ್ದವು. ಅವಳು ಮಾತು ನುಂಗಿಕೊಂಡು ಹಿಂದೆ ಸರಿದಳು. ಸಂಜೆ ನೋವು ತಡೆಯಲಾರದೆ ಅಜ್ಜನ ಬಳಿ ಹೋದಳು. ಅಜ್ಜ ಬಳ್ಳಿಯನ್ನು ಹಲ್ಲಿನಿಂದ ಕಡಿದು ಸಡಿಲವಾಗಿ ಬೇರೆ ಕಟ್ಟು ಕಟ್ಟಿದ. ಕಾಲು ಉಳಿಯಿತು, ಬೆರಳುಗಳು ಉಳಿಯಲಿಲ್ಲ. ಇನ್ನು ಅವಳು ಮೊದಲಿನಂತೆ ಓಡುವಂತಿಲ್ಲ.

"ನನಗ್ಯಾಕೆ ಹೇಳಲಿಲ್ಲ?" ಅಂದ ಚೂಪ.

"ಹೇಳೋಕೇ ಬಂದಿದ್ದೆ ಚೂಪಣ್ಣ. ಎಲ್ಲಿ ನಿಂತು ಹೇಳಲಿ?" ಅಂದಳು ಸಂಪಿ. ಆಮೇಲೆ ಅವಳು ಕೆರೆಯಾಚೆಯ ಪೊದೆಗೆ ಹೊರಟುಹೋದಳು.

ಒಂಟಿ ಅಂದರೇನೆಂದು ಚೂಪನಿಗೆ ಆಗ ಗೊತ್ತಾಯಿತು. ಬೆಳಗಾದರೆ ಮಾತಾಡಿಸುವವರಿಲ್ಲ. ಅಳು ಬಂದು, ಅತ್ತ. ಆಮೇಲೆ ಆಲದ ಬುಡಕ್ಕೆ ಹೋಗಿ ಒಂದು ಕೋಲಿಗೆ ಕಟ್ಟು ಕಟ್ಟಿ, "ಎಲ್ಲಿ ತಪ್ಪಿದೆ ಹೇಳಜ್ಜ," ಅಂದ.

"ಗಂಟು ಗಾಯದ ಮೇಲೇ ಬರುತ್ತೆ, ನೋಡು."

ಮುಳ್ಳು ಎದ್ದವು. ಪಾಪ, ಅವು ಅವನ ಮಾತು ಕೇಳಬೇಕಲ್ಲ. ಚೂಪ ಹೊಟ್ಟೆಯನ್ನು ನೆಲಕ್ಕೊತ್ತಿ ಸುಮ್ಮನೆ ಮಲಗಿದ. ಮುಳ್ಳುಗಳು ಒಂದೊಂದಾಗಿ ಇಳಿದವು.

"ಇನ್ನೇನು ತಪ್ಪಿದೆ ಅಜ್ಜ?"

ಅಜ್ಜ ಒಂದು ಕೊಂಬೆ ಕೆಳಗಿಳಿದ. ಕೆರೆಯಾಚೆಯ ಪೊದೆಯಿಂದ ಮಾತ್ರ ಯಾರೂ ಬರಲಿಲ್ಲ.

ನೀತಿ: ತಪ್ಪು ತೋರಿಸುವವರನ್ನು ದೂರ ಮಾಡಿಕೊಂಡವನಿಗೆ ತಪ್ಪು ತಿಳಿಯುವುದು ಪೆಟ್ಟು ಬಿದ್ದ ಮೇಲೆಯೇ, ಆ ಪೆಟ್ಟೂ ಬೇರೆಯವರಿಗೆ.