ಹವಾಲ್ದಾರನಾದ ರಾಜ

"ಗುರುಗಳೇ, ಮುತ್ತಜ್ಜನ ಕಾಲದ ನಾಟಕವನ್ನು ಈಗ ಸಿನಿಮಾಕ್ಕೆ ತಂದರೆ ಅದರಲ್ಲಿ ನಾಟಕ ಉಳಿಯುತ್ತದೆಯೇ?" ಎಂದು ಇಂದುಧರ ಕೇಳಿದ.

ಅವನು ಗುರುಗಳ ರಂಗಶಾಲೆಯಲ್ಲಿ ಕಲಿತು ಸಿನಿಮಾಕ್ಕೆ ಹೋದವನು. ಒಂದು ಹಳೆಯ ನಾಟಕಕ್ಕೆ ಚಿತ್ರಕತೆ ಬರೆಯಲು ಒಪ್ಪಿಕೊಂಡಿದ್ದ. ಹಾಡು ತೆಗೆದ, ಮಾತು ಕಡಿಮೆ ಮಾಡಿದ. ಒಂದೊಂದು ಸಾಲು ಹೊಡೆದುಹಾಕಿದಾಗಲೂ ಹಿರಿಯರ ಮನೆಗೆ ತಾನೇ ಕನ್ನ ಹಾಕಿದಂತೆ ಅನಿಸುತ್ತಿತ್ತು. ಕಡೆಗೆ ಬರೆಯುವುದನ್ನೇ ನಿಲ್ಲಿಸಿ ಬಂದಿದ್ದ.

ಗುರುಗಳು ಒಂದು ಕತೆ ಹೇಳಿದರು.

ಒಂದು ನಾಟಕ ಕಂಪನಿಯಲ್ಲಿ ಅಡಿವೆಪ್ಪ ಎಂಬ ನಟನಿದ್ದ. ಅವನದು ಸದಾ ರಾಜನ ಪಾತ್ರ. ಆ ರಾಜ ನ್ಯಾಯವಂತ. ಅವನ ಒಬ್ಬನೇ ಮಗ ಒಬ್ಬ ಬಡವನ ಸಾವಿಗೆ ಕಾರಣನಾಗುತ್ತಾನೆ. ಕಡೆಯ ಅಂಕದಲ್ಲಿ ರಾಜ ಸಿಂಹಾಸನದಿಂದ ಎದ್ದು, ರಂಗದ ಮುಂದಿನ ಅಂಚಿಗೆ, ಜನರ ಎದುರಿಗೆ ಬಂದು, ತೀರ್ಪು ಕೊಡಬೇಕು. "ನೀನು ನನ್ನ ಮಗನಲ್ಲದಿದ್ದರೆ ಬಿಟ್ಟುಬಿಡುತ್ತಿದ್ದೆ" ಎಂಬುದು ಆ ತೀರ್ಪಿನ ಕೊನೆಯ ಮಾತು.

ಅಡಿವೆಪ್ಪ ಆ ಮಾತು ಹೇಳಿದರೆ ಥಿಯೇಟರಿನ ತಗಡು ಅದುರುತ್ತಿತ್ತು. ಸಿಳ್ಳೆ ಬೀಳುತ್ತಿತ್ತು. ಜನ "ಒನ್ಸ್ ಮೋರ್" ಎಂದು ಕೂಗಿದರೆ ಅವನು ಇನ್ನೊಮ್ಮೆ ಹೇಳುತ್ತಿದ್ದ.

ಹೀಗಿರಲು ಅವನ ಗಂಟಲಲ್ಲಿ ಗಡ್ಡೆಯಾಯಿತು. ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಉಳಿದದ್ದು ಅರ್ಧ ಉಸಿರು, ಅರ್ಧ ಮಾತು. "ಮಾತಾಡಬಹುದು, ಆದರೆ ಕೂಗಬಾರದು" ಎಂದರು ಡಾಕ್ಟರು. ಅವನಿಗೆ ಮಾತೂ ಕೂಗೂ ಒಂದೇ ಆಗಿತ್ತು.

ಕಂಪನಿಯವರು ಕಿರೀಟವನ್ನು ಬೇರೊಬ್ಬನಿಗೆ ಕೊಟ್ಟರು. ಅಡಿವೆಪ್ಪ ಕೆಲವು ಕಾಲ ಉಳಿದವರಿಗೆ ಬಣ್ಣ ಹಚ್ಚಿದ. ಆಮೇಲೆ ಮನೆಯಲ್ಲಿ ಕೂತ. ಪೇಟೆಗೆ ಹೋಗುವುದನ್ನೂ ಬಿಟ್ಟ. ಯಾರಾದರೂ ಅಡ್ಡಗಟ್ಟಿ, "ಮಾಸ್ತರ, ಆ ಮಾತು ಒಮ್ಮೆ ಹೇಳ್ರಿ" ಅಂದರೆ ಏನು ಮಾಡುವುದು ಎಂಬ ಭಯ ಅವನಿಗೆ.

ಒಂದು ದಿನ ಒಬ್ಬ ನಿರ್ದೇಶಕಿ ಮನೆ ಹುಡುಕಿಕೊಂಡು ಬಂದಳು. ಅದೇ ನಾಟಕವನ್ನು ಸಿನಿಮಾ ಮಾಡುತ್ತಿದ್ದಳು. ಅವಳ ಸಿನಿಮಾದಲ್ಲಿ ರಾಜನಿರಲಿಲ್ಲ. ಠಾಣೆಯ ಒಬ್ಬ ಹವಾಲ್ದಾರನಿದ್ದ. ಅವನ ಮಗ ಒಬ್ಬನಿಗೆ ಗಾಡಿ ಗುದ್ದಿ, ನಿಲ್ಲಿಸದೆ ಬಂದಿದ್ದಾನೆ. ತೀರ್ಪು ನಡೆಯುವುದು ಅಡುಗೆಮನೆಯಲ್ಲಿ, ಮಗ ಉಣ್ಣುತ್ತಿರುವಾಗ. ಹವಾಲ್ದಾರನ ಪಾತ್ರವನ್ನು ಅಡಿವೆಪ್ಪನೇ ಮಾಡಬೇಕು ಎಂದಳು.

ಕಂಪನಿಯ ಹಳೆಯ ಗೆಳೆಯರು ಕೆಂಡವಾದರು. "ರಾಜನ್ನ ಹಿಡಿದು ಹವಾಲ್ದಾರ ಮಾಡ್ಯಾಳ. ಹೋದ್ರ ನಿನ್ನ ಮಾರಿ ನೋಡೂದಿಲ್ಲ" ಎಂದರು. ಅಡಿವೆಪ್ಪನಿಗೂ ಅದು ಹಿಡಿಸಿರಲಿಲ್ಲ. ಆದರೆ ಅವಳು ಓದಿ ಹೇಳಿದ ದೃಶ್ಯದಲ್ಲಿ ಆ ಕೊನೆಯ ಮಾತು ಇದ್ದ ಹಾಗೇ ಇತ್ತು. ಸಾಯುವುದರೊಳಗೆ ಅದನ್ನು ಇನ್ನೊಮ್ಮೆ ಹೇಳಬೇಕೆಂಬ ಆಸೆ ಅವನನ್ನು ಬಿಡಲಿಲ್ಲ. ಒಪ್ಪಿಕೊಂಡ.

"ದನಿ ಏಳೂದಿಲ್ಲಂತ ಅವರಿಗೆ ಮೊದಲೇ ಹೇಳಿಬಿಡ್ರಿ" ಎಂದಳು ಹೆಂಡತಿ.

"ಹೇಳಿದ್ರ ಬ್ಯಾಡ ಅಂತಾರ" ಎಂದ.

ಚಿತ್ರೀಕರಣದ ದಿನ ಅವನು ಖಾಕಿ ತೊಟ್ಟ. ಅಡುಗೆಮನೆಯಲ್ಲಿ ಮಗನ ಪಾತ್ರದ ತರುಣ ತಟ್ಟೆಯ ಮುಂದೆ ಕೂತಿದ್ದ. ಮಾತಿನ ಸರದಿ ಬಂದಾಗ ಅಡಿವೆಪ್ಪ ಎದ್ದ, ಮಗನಿಗೆ ಬೆನ್ನು ಮಾಡಿ ಕ್ಯಾಮೆರಾದ ಕಡೆ ಬಂದ, ಎದೆ ತುಂಬ ಉಸಿರೆಳೆದು ಮಾತನ್ನು ಎಸೆದ. ದನಿ ನಡುವೆಯೇ ಒಡೆಯಿತು. ಕೆಮ್ಮು ಬಂತು.

ಮುಗಿಯಿತು ಅಂದುಕೊಂಡ. ಟೋಪಿ ತೆಗೆದು ಕೈಯಲ್ಲಿ ಹಿಡಿದ. "ತಪ್ಪಾತು ತಾಯಿ. ನನ್ನ ದನಿ ಸತ್ತು ಹೋಗೇತಿ. ಮುಚ್ಚಿಟ್ಟು ಬಂದೆ. ಬ್ಯಾರೆ ಯಾರನ್ನರ ಕರೀರಿ" ಎಂದ.

"ನಿಮ್ಮ ಮನೆಗೆ ಬಂದ ದಿನ ನಾನು ಕೇಳಿದ್ದು ಈ ದನೀನೇ ಮಾಸ್ತರೇ. ಅದಕ್ಕೇ ನಿಮ್ಮನ್ನ ಕರೆದದ್ದು" ಎಂದಳು ನಿರ್ದೇಶಕಿ. "ನೀವು ಇತ್ತ ಯಾಕೆ ಬಂದಿರಿ? ಮಗ ಅಲ್ಲಿದ್ದಾನಲ್ಲ."

ಅಡಿವೆಪ್ಪ ಹಿಂತಿರುಗಿ ನೋಡಿದ. ತರುಣ ತುತ್ತು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಅವನನ್ನೇ ನೋಡುತ್ತಿದ್ದ. ಕಂಪನಿಯಲ್ಲಿ ಮಗ ಯಾವಾಗಲೂ ಬೆನ್ನ ಹಿಂದೆ, ಸಂಕೋಲೆ ತೊಟ್ಟು ನಿಂತಿರುತ್ತಿದ್ದ. ಎಷ್ಟೋ ಹುಡುಗರು ಆ ಪಾತ್ರ ಮಾಡಿ ಹೋಗಿದ್ದರು. ತೀರ್ಪು ಕೇಳುವಾಗ ಅವರ ಕಣ್ಣು ಹೇಗಿರುತ್ತಿತ್ತು ಎಂದು ನೆನೆದುಕೊಳ್ಳಲು ಹೋದ. ಒಬ್ಬನದೂ ನೆನಪಾಗಲಿಲ್ಲ. ಅವನು ನೋಡಿಯೇ ಇರಲಿಲ್ಲ.

ಹೋಗಿ ಮಗನ ಪಕ್ಕದಲ್ಲಿ ಕೂತ. ಈಗ ಮಾತು ಮುಟ್ಟಬೇಕಾದದ್ದು ಒಂದು ಮೊಳ ದೂರ. ಉಸಿರು ಎಳೆಯುವ ಗೋಜಿಗೆ ಹೋಗಲಿಲ್ಲ. ಮಗನ ಮುಖ ನೋಡುತ್ತ, "ನೀನು ನನ್ನ ಮಗನಲ್ಲದಿದ್ದರೆ ಬಿಟ್ಟುಬಿಡುತ್ತಿದ್ದೆ" ಎಂದ. ಅದು ತೀರ್ಪಿನ ಹಾಗೆ ಬರಲಿಲ್ಲ. ತಂದೆಯೊಬ್ಬ ಕ್ಷಮೆ ಕೇಳಿದ ಹಾಗೆ ಬಂತು.

ತರುಣ ತಲೆ ತಗ್ಗಿಸಿ ಕೂತಿರಬೇಕೆಂದು ಹೇಳಿಕೊಟ್ಟಿದ್ದರು. ಅವನಿಂದ ಆಗಲಿಲ್ಲ. ಅಡಿವೆಪ್ಪನ ಹೆಗಲಿಗೆ ಮುಖವಿಟ್ಟು ಬಿಕ್ಕಿದ. ಅಡಿವೆಪ್ಪನ ಕೈ ತಾನಾಗಿ ಅವನ ತಲೆಯ ಮೇಲೆ ಹೋಯಿತು.

ಸಿಳ್ಳೆಯಿಲ್ಲ, ಸದ್ದಿಲ್ಲ. ಅಡಿವೆಪ್ಪನಿಗೆ ಮತ್ತೆ ಅಳುಕು. "ಕೇಳಿಸ್ತೇನ್ರಿ?" ಎಂದು ಮೆಲ್ಲಗೆ ಕೇಳಿದ.

ದನಿ ಹಿಡಿಯುವವನು ಹೆಡ್‌ಫೋನ್ ತೆಗೆದು ಕಣ್ಣೊರೆಸಿಕೊಂಡ. "ನೀವು ಉಸಿರು ಬಿಟ್ಟದ್ದೂ ಕೇಳಿಸಿತು ಅಜ್ಜಾ" ಎಂದ.

ಅಷ್ಟು ಕಾಲ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿಯಿತು. ಅಡಿವೆಪ್ಪ ನಕ್ಕ. ಚಹಾ ತರಿಸಿಕೊಂಡು ಕುಡಿದ. ಲೈಟ್ ಎತ್ತುವವರು, ಅಡುಗೆಯವರು, ಗಾಡಿಯವರು, ಸಿಕ್ಕಸಿಕ್ಕವರ ಜೊತೆ ಕೂತು ಅದೇ ಸಣ್ಣ ದನಿಯಲ್ಲಿ ಹರಟಿದ. ಸಂಜೆ ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು.

"ಕೂಗಿದ್ರೇನು?"

"ಕೂಗೂದು ಬೇಕಾಗ್ಲೇ ಇಲ್ಲ" ಎಂದ. ಕೈಕಾಲು ತೊಳೆದು ಹೊಟ್ಟೆ ತುಂಬ ಉಂಡ. ಮರುದಿನ ಬೆಳಿಗ್ಗೆ ಎದ್ದವನೇ ಪೇಟೆಗೆ ಹೊರಟ.

ಗುರುಗಳು ಕತೆ ನಿಲ್ಲಿಸಿದರು. ಇಂದುಧರನ ಮುಖ ಹಗುರಾಗಿತ್ತು, ಆದರೂ ಅನುಮಾನ ಪೂರ್ತಿ ಹೋಗಿರಲಿಲ್ಲ. "ನಾಟಕದ ಕವಿ ಆ ಮಾತು ಬರೆದದ್ದು ತುಂಬಿದ ಸಭೆಯಲ್ಲಿ ಹೇಳಲೆಂದು. ನಿರ್ದೇಶಕಿ ಹೇಳಿಸಿದ್ದು ಅಡುಗೆಮನೆಯಲ್ಲಿ. ಎರಡರಲ್ಲಿ ಯಾವುದು ನಿಜವಾದ ನಾಟಕ? ಕವಿ ಈಗಿಲ್ಲ. ನಾನು ಯಾರನ್ನು ಕೇಳಲಿ?" ಎಂದ.

"ಯಾರಿಗೆ ಹೇಳಿದ ಮಾತೋ, ಅವನನ್ನು ಕೇಳು" ಎಂದರು ಗುರುಗಳು.

ಇಂದುಧರ ಗುರುಗಳಿಗೆ ನಮಸ್ಕರಿಸಿ, ನಿಲ್ಲಿಸಿದ್ದ ಚಿತ್ರಕತೆಯನ್ನು ಬರೆಯಲು ಹೊರಟ.