ನಾಣ್ಯದ ಬೆನ್ನು

“ಈ ದೊರೆ ಸತ್ತು ಎರಡು ಸಾವಿರ ವರ್ಷವಾಯಿತು. ಅವನ ನಾಣ್ಯದ ಮೇಲೆ ನಾನು ತಪ್ಪು ಹೆಸರು ಬರೆದರೆ ಯಾರಿಗೆ ನೋವಾಗುತ್ತದೆ, ಗುರುಗಳೇ?”

ಶಿಷ್ಯ ವೃಷಭೇಂದ್ರ ಸಿಟ್ಟಿನಿಂದಲೇ ಕೇಳಿದ. ರೋಮನ್ ನಾಣ್ಯಗಳನ್ನು ಗುರುತಿಸಿ, ಒಂದೊಂದನ್ನೂ ಕಾಗದದ ಪೊಟ್ಟಣಕ್ಕೆ ಹಾಕಿ, ಮೇಲೆ ದೊರೆಯ ಹೆಸರು ಬರೆಯುವುದು ಅವನ ಕೆಲಸ. ಅವನು ಬರೆದ ಹನ್ನೊಂದು ಪೊಟ್ಟಣಗಳನ್ನು ಗುರು ಆಗಷ್ಟೇ ಹರಿದು ಹಾಕಿದ್ದರು.

“ಹನ್ನೊಂದರಲ್ಲಿ ಎಷ್ಟನ್ನು ತಿರುಗಿಸಿ ನೋಡಿದೆ?”

“ಮುಖ ನೋಡಿದರೇ ಗೊತ್ತಾಗುತ್ತದೆ.”

ಗುರುವಿನ ದನಿ ಏರಲಿಲ್ಲ, ಗಡುಸಾಯಿತು. “ಕುಳಿತುಕೋ. ಕೇಳು.”

ಒಬ್ಬ ಕುಂಬಾರನಿಗೆ ಕೆರೆಯಂಗಳದಲ್ಲಿ ಮಣ್ಣು ಅಗೆಯುವಾಗ ಚಿನ್ನದ ನಾಣ್ಯವೊಂದು ಸಿಕ್ಕಿತು. ಅದನ್ನು ತೊಳೆದು, ಎರಡೂ ಬದಿ ನೋಡಿ, ಊರ ಹಿರಿಯರ ಮುಂದೆ ತಂದಿಟ್ಟ.

ಅದೇ ವಾರ ಒಬ್ಬ ವರ್ತಕನ ಮನೆಯಿಂದ ಆಗಸ್ಟಸ್ ದೊರೆಯ ಚಿನ್ನದ ನಾಣ್ಯ ಕಾಣೆಯಾಗಿತ್ತು. ಪೂಜೆಯ ತಟ್ಟೆಯಲ್ಲಿ ಮುಖ ಮೇಲೆ ಮಾಡಿ ಇಡುತ್ತಿದ್ದ ನಾಣ್ಯ. ಅದರ ಬೆನ್ನನ್ನು ಮನೆಯವರೂ ಗಮನಿಸಿರಲಿಲ್ಲ. ಮಡಕೆ ಕೊಡಲು ಕುಂಬಾರ ಆ ಮನೆಗೆ ಹೋಗಿದ್ದ. “ಇದು ನನ್ನದೇ. ಸಿಕ್ಕಿಬೀಳುವ ಭಯಕ್ಕೆ ತಂದಿಟ್ಟಿದ್ದಾನೆ” ಎಂದ ವರ್ತಕ.

ಹಿರಿಯರು ಪೇಟೆಯಿಂದ ನಾಣ್ಯ ಪರೀಕ್ಷಕನನ್ನು ಕರೆಸಿದರು. ತಕ್ಕಡಿ ಬಿಚ್ಚದೆ, ಅಕ್ಷರ ಓದದೆ, ಒಂದೇ ನೋಟಕ್ಕೆ ಹೆಸರು ಹೇಳುವುದು ಅವನ ಹೆಗ್ಗಳಿಕೆ. ನಾಣ್ಯವನ್ನು ಎರಡು ಬೆರಳಲ್ಲಿ ಹಿಡಿದ. ಮುಖ ನೋಡಿದ. “ಆಗಸ್ಟಸ್” ಎಂದ.

“ಬುದ್ಧೀ, ಒಂದ್ಸಲ ತಿರುಗಿಸಿ” ಎಂದ ಕುಂಬಾರ. “ಹಿಂದೆ ಒಬ್ಬಳು ಹೆಂಗಸು ಕೂತವ್ಳೆ. ಅವರ ನಾಣ್ಯದಲ್ಲೂ ಕೂತಿದ್ಲಾ ಕೇಳಿ.”

“ಮಡಕೆ ತಟ್ಟೋನು ನನಗೆ ಪಾಠ ಹೇಳ್ತೀಯೇನೋ? ತಳ ತಿರುಗಿಸಿ ನೋಡೋಕೆ ಇದು ಗಡಿಗೆ ಅಲ್ಲ.”

ಜನ ನಕ್ಕರು. ನ್ಯಾಯ ಮುಗಿಯಿತು.

ನಾಣ್ಯ ವರ್ತಕನಿಗೆ ಹೋಯಿತು. ಕುಂಬಾರನನ್ನು ಯಾರೂ ಹೊಡೆಯಲಿಲ್ಲ, ದಂಡವನ್ನೂ ಹಾಕಲಿಲ್ಲ. ಆದರೆ ಮದುವೆಯ ಐರಣಿ ಮಡಕೆಗಳನ್ನು ಕಳ್ಳನ ಮನೆಯಿಂದ ತರುವುದುಂಟೆ? ಅಜ್ಜನ ಕಾಲದಿಂದ ಆ ಊರಿನ ಪ್ರತಿ ಮದುವೆಗೂ ಸುಣ್ಣ, ಕೆಮ್ಮಣ್ಣು ಬಳಿದ ಆ ಮಡಕೆಗಳು ಅವನ ಮನೆಯಿಂದಲೇ ಹೋಗುತ್ತಿದ್ದವು. ಆ ವರ್ಷ ಮಡಕೆ ತರಲು ಹೊರಟ ವಾದ್ಯದವರು ಅವನ ಬಾಗಿಲು ದಾಟಿ ಮುಂದಿನ ಊರಿಗೆ ಹೋದರು. ಅವನ ಮಗಳನ್ನು ನೋಡಲೂ ಯಾರೂ ಬರಲಿಲ್ಲ. ಎರಡು ವರ್ಷ ತಡೆದ. ಮೂರನೆಯ ವರ್ಷ ಮಡಕೆ ಮಾಡುವ ತಿಗರಿಯನ್ನು ಒಡೆದು ಹಾಕಿ ಊರು ಬಿಟ್ಟ.

ಆಮೇಲೆ ಒಂದು ದಿನ ವರ್ತಕ ಪೂಜೆಯ ಪೀಠ ಸರಿಸಿದಾಗ ನೆಲದ ಬಿರುಕಿನಲ್ಲಿ ಕಳೆದುಹೋಗಿದ್ದ ಅವನ ನಾಣ್ಯ ಸಿಕ್ಕಿತು. ಎರಡನ್ನೂ ಗುಟ್ಟಾಗಿ ಪರೀಕ್ಷಕನ ಬಳಿಗೆ ಒಯ್ದ. ಪರೀಕ್ಷಕ ಅಂದು ತಿರುಗಿಸಿ ನೋಡಿದ. ವರ್ತಕನದರ ಬೆನ್ನಿನಲ್ಲಿ ಗುರಾಣಿ ಹಿಡಿದು ನಿಂತ ಇಬ್ಬರು ತರುಣರು. ಕುಂಬಾರನದರಲ್ಲಿ ಕುಳಿತ ಹೆಂಗಸು. ಸುತ್ತಲಿನ ಅಕ್ಷರ ಓದಿದ. ಕುಂಬಾರನ ನಾಣ್ಯ ಆಗಸ್ಟಸ್‌ನದಾಗಿರಲಿಲ್ಲ. ಅವನ ನಂತರ ಬಂದ ಟಿಬೇರಿಯಸ್‌ನದು.

“ಈಗೇನು ಮಾಡೋದು ಸ್ವಾಮಿ?” ಎಂದ ವರ್ತಕ.

“ಸುಮ್ಮನಿರೋದು. ಊರಿಗೆ ಗೊತ್ತಾದರೆ ಇನ್ನು ನನ್ನನ್ನು ಯಾರು ಕರೆಸ್ತಾರೆ? ಎರಡೂ ನಿಮ್ಮಲ್ಲೇ ಇರಲಿ.”

ನಾಣ್ಯಗಳನ್ನು ಹಿಂದಿರುಗಿಸುವ ಮುನ್ನ ಪರೀಕ್ಷಕ ತನ್ನ ಪುಸ್ತಕ ತೆಗೆದ. ಕುಂಬಾರನ ನಾಣ್ಯದ ತೂಕ ಬರೆದ, ಅಳತೆ ಬರೆದ, ಮುಖದ ಅಕ್ಷರ, ಬೆನ್ನಿನ ಚಿತ್ರ, ಟಿಬೇರಿಯಸ್‌ನ ಹೆಸರು, ಎಲ್ಲವನ್ನೂ ಬರೆದ. ಸಿಕ್ಕ ಜಾಗ ಎಂಬಲ್ಲಿ ಮಾತ್ರ ಕೆರೆಯಂಗಳ ಬಿಟ್ಟು ‘ವರ್ತಕನ ಮನೆ’ ಎಂದು ಬರೆದ.

ಗುರು ಕತೆ ನಿಲ್ಲಿಸಿದರು.

ಶಿಷ್ಯ ಹರಿದ ಪೊಟ್ಟಣಗಳನ್ನು ನೋಡುತ್ತಾ ಕೇಳಿದ, “ಕೊನೆಗಾದರೂ ದೊರೆಯ ಹೆಸರನ್ನು ಸರಿಯಾಗಿ ಬರೆದನಲ್ಲ, ಗುರುಗಳೇ?”

“ಬರೆದ. ಕಳ್ಳನ ಕೈಬರಹ ಬಹಳ ದುಂಡಗಿತ್ತು.”